ಗೋಡೆಗೆ ಮುಖಮಾಡಿ ನಿಂತವರು

ಆರ್ನಾಲ್ಡ್ ಗೆಂಥೆ 1895ರಲ್ಲಿ ಜರ್ಮನಿಯಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಬಂದದ್ದು ಶ್ರೀಮಂತರ ಮನೆಯ ಹುಡುಗನಿಗೆ ಪಾಠ ಹೇಳಲು. ಗೈಡ್ ಇಲ್ಲದೆ ಚೀನೀಯರ ಬೀದಿಗಳಿಗೆ ಕಾಲಿಡಬೇಡಿ ಎಂದು ಅವರ ಕೈಯಲ್ಲಿದ್ದ ಪ್ರವಾಸಿ ಪುಸ್ತಕ ಎಚ್ಚರಿಸಿತ್ತು. ಅದನ್ನು ಓದಿದ್ದೇ ತಡ, ಅವರು ಅಲ್ಲಿಗೇ ಹೋದರು. ಸ್ಕೆಚ್ ಮಾಡಲು ನಿಂತರೆ ಜನ ಚದುರುತ್ತಿದ್ದರು. ಕೊನೆಗೆ ಪುಟ್ಟ ಕ್ಯಾಮೆರಾ ಕೊಂಡು, ಯಾರಿಗೂ ಕಾಣದಂತೆ ಹಿಡಿದು, ಬೀದಿಯ ಮೂಲೆಗಳಲ್ಲಿ ಗಂಟೆಗಟ್ಟಲೆ ಕಾದರು.

ಹಾಗೆ ಸಿಕ್ಕ ಒಂದು ಚಿತ್ರದಲ್ಲಿ ಗಂಡಸರ ಗುಂಪೊಂದು ನಮಗೆ ಬೆನ್ನು ಹಾಕಿ ನಿಂತಿದೆ. ಎದುರಿನ ಗೋಡೆಯ ತುಂಬ ಕಾಗದ. ಕಣ್ಣೆಲ್ಲ ಅಲ್ಲೇ.

ಚೈನಾಟೌನಿನ ಸೂಚನಾ ಫಲಕವೆಂದರೆ ಇಂಥ ಗೋಡೆಯೇ. ಕೆಂಪು ಕಾಗದದ ಮೇಲೆ ಕುಂಚದಿಂದ ಬರೆದ ಕಪ್ಪು ಅಕ್ಷರ, ಮೇಲಿಂದ ಕೆಳಕ್ಕಿಳಿಯುವ ಸಾಲು. ಸಂಘದ ಸಭೆ, ವ್ಯಾಪಾರದ ಸುದ್ದಿ, ‘ತಾಂಗ್’ ಎಂಬ ಗುಂಪುಗಳು ವೈರಿಗಳಿಗೆ ಒಡ್ಡಿದ ಸವಾಲು ಎಲ್ಲವೂ ಗೋಡೆಗೇ ಬರುತ್ತಿದ್ದವು. ಗೆಂಥೆ ಬರುವ ಮೂರು ವರ್ಷ ಮೊದಲು, 1892ರಲ್ಲಿ, ಚೀನೀ ಕೂಲಿಗಳೆಲ್ಲ ಹೆಸರು ನೋಂದಾಯಿಸಿ ಸರ್ಟಿಫಿಕೇಟು ಇಟ್ಟುಕೊಳ್ಳಬೇಕೆಂದು ಗಿಯರಿ ಕಾಯ್ದೆ ಹೇಳಿತು. ‘ಸಿಕ್ಸ್ ಕಂಪನೀಸ್’ ಎಂದು ಹೆಸರಾದ ಊರಸಂಘಗಳ ಒಕ್ಕೂಟ ಸುತ್ತೋಲೆ ಹೊರಡಿಸಿತು: ನೋಂದಾಯಿಸಬೇಡಿ, ಕೋರ್ಟಿನ ಖರ್ಚಿಗೆ ತಲೆಗೊಂದು ಡಾಲರ್ ಕೊಡಿ. ಸಾವಿರಾರು ಜನ ಆ ಮಾತಿಗೆ ನಿಂತರು. 1893ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಅದೇ ವರ್ಷದ ತಿದ್ದುಪಡಿಯಂತೆ ಸರ್ಟಿಫಿಕೇಟಿಗೆ ಫೋಟೊ ಕೂಡ ಕಡ್ಡಾಯವಾಯಿತು.

ಕ್ಯಾಮೆರಾ ಕಂಡರೆ ಅವರು ಓಡುವುದು ಮೂಢನಂಬಿಕೆಯಿಂದ ಎಂದು ಗೆಂಥೆ ತಿಳಿದಿದ್ದರು. ಅಷ್ಟೇ ಇರಲಾರದು. ಫೋಟೊ ಎಂದರೆ ಸರ್ಕಾರದ ಕಡತ ಎಂಬುದು ಆ ಬೀದಿಗೆ ಆಗಲೇ ಗೊತ್ತಿತ್ತು. ಇನ್ನೊಂದನ್ನೂ ಹೇಳಬೇಕು: ಹಲವು ಚಿತ್ರಗಳಲ್ಲಿ ಇಂಗ್ಲಿಷ್ ಬೋರ್ಡುಗಳನ್ನು ಗೆಂಥೆ ತಿದ್ದಿ ಅಳಿಸಿದ್ದಾರೆ. ಅವರಿಗೆ ಬೇಕಿದ್ದದ್ದು ಅಪ್ಪಟ ಚೀನಾ. ಆ ಬೀದಿಯಾದರೋ ಎರಡೂ ಲಿಪಿಗಳ ನಡುವೆ ಬದುಕುತ್ತಿತ್ತು.

ಅವರ ಮತ್ತೊಂದು ಚಿತ್ರದಲ್ಲಿ ಕಾಗದ ಆಯುವವನಿದ್ದಾನೆ. ಅಕ್ಷರವಿದ್ದ ಕಾಗದ ಕಾಲಿಗೆ ಸಿಗಬಾರದು ಎಂಬ ಭಾವ ಚೀನೀಯರಲ್ಲಿ ಗಟ್ಟಿಯಾಗಿತ್ತು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿದ್ದ ಚೂರುಗಳನ್ನು ಬುಟ್ಟಿಗೆ ಹಾಕಿ ಒಯ್ದು ಮರ್ಯಾದೆಯಿಂದ ಸುಡುತ್ತಿದ್ದರು.

1906ರ ಏಪ್ರಿಲ್ 18ರ ಭೂಕಂಪ, ಬೆಂಕಿಯಲ್ಲಿ ಗೋಡೆಗಳೇ ಉಳಿಯಲಿಲ್ಲ. ಗೆಂಥೆಯ ಸ್ಟುಡಿಯೊ ಸುಟ್ಟಿತು, ಬೇರೆಡೆ ಭದ್ರವಾಗಿಟ್ಟಿದ್ದ ಚೈನಾಟೌನಿನ ನೆಗೆಟಿವ್‌ಗಳು ಮಾತ್ರ ಉಳಿದವು. ಚೀನೀಯರನ್ನು ಊರಾಚೆ ಹಂಟರ್ಸ್ ಪಾಯಿಂಟಿಗೆ ಸಾಗಹಾಕಲು ಹೊರಟ ನಗರದ ಹಿರಿಯರಿಗೆ ಅವರು ಮಣಿಯಲಿಲ್ಲ, ಅದೇ ಜಾಗದಲ್ಲಿ ಮತ್ತೆ ಕಟ್ಟಿದರು. ಅಲ್ಲಿನ ಮುಖ್ಯ ಬೀದಿಯಾದ ಡುಪಾಂಟ್ ಬೀದಿ ಗ್ರಾಂಟ್ ಅವೆನ್ಯೂ ಆಯಿತು. ಚೀನೀಯರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ನಿಂತಿತು.

ಗೋಡೆಯ ಕೆಲಸ ಹಂಚಿಹೋಗಲು ಆಗಲೇ ಶುರುವಾಗಿತ್ತು. ಪಾದ್ರಿ ಇಂಗ್ ಪೂನ್ ಚ್ಯೂ 1900ರಿಂದ ಅಲ್ಲಿ ‘ಚುಂಗ್ ಸಾಯ್ ಯಾಟ್ ಪೋ’ ದಿನಪತ್ರಿಕೆ ನಡೆಸುತ್ತಿದ್ದರು. ಇನ್ನೊಂದು ಪಾಲು ತಂತಿಗೆ ಹೋಯಿತು. ವಾಷಿಂಗ್ಟನ್ ಬೀದಿಯ 743ನೇ ಕಟ್ಟಡದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಂಬರು ಕೇಳುವವರೇ ಕಡಿಮೆ. ಹೆಸರು ಹೇಳಿದರೆ ಸಾಕು, ಆಪರೇಟರ್ ಹೆಂಗಸರಿಗೆ ಚಂದಾದಾರರೆಲ್ಲ ಬಾಯಿಪಾಠ. 1949ರಲ್ಲಿ ಡಯಲ್ ಫೋನು ಬಂದು ಅದು ಮುಚ್ಚಿತು. ಮೂರು ಅಂತಸ್ತಿನ ಹೆಂಚಿನ ಚಾವಣಿಯ ಆ ಕಟ್ಟಡ 1960ರಲ್ಲಿ ಬ್ಯಾಂಕಾಯಿತು.