ಅಳತೆಯ ದಾಂಡು

ಚಿನ್ನಿದಾಂಡು ಆಡುವ ಹುಡುಗನು ದಾಂಡನ್ನು ಅಂಗಡಿಯಿಂದ ಕೊಂಡು ತರುವುದಿಲ್ಲ. ಹುಣಿಸೆಯದೋ ಸೀಬೆಯದೋ ಒಂದು ಕೊಂಬೆಯನ್ನು ಕಡಿದು, ತನ್ನ ತೋಳಿನ ಪಕ್ಕಕ್ಕೆ ಹಿಡಿದು ನೋಡಿ, ಉದ್ದವೆನಿಸಿದರೆ ಕತ್ತರಿಸುತ್ತಾನೆ, ಭಾರವೆನಿಸಿದರೆ ಕೆತ್ತುತ್ತಾನೆ. ಅಣ್ಣನ ದಾಂಡು ತಮ್ಮನಿಗೆ ಒಗ್ಗದೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಷ್ಟು ಸರಳವಾದ ವಿವೇಕವು ವಯಸ್ಸಾದಂತೆ ಮನುಷ್ಯನನ್ನು ಏಕೆ ಬಿಟ್ಟುಹೋಗುವುದೋ ತಿಳಿಯದು.

ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಅಡಿಯಲ್ಲಿ, ಕುದುರೆ ಪಂದ್ಯದ ಬಯಲಿನ ಬಳಿ, ಜಯಚಾಮರಾಜ ಒಡೆಯರವರ ಹೆಸರನ್ನು ಹೊತ್ತ ಗಾಲ್ಫ್ ಮೈದಾನವಿದೆ. ಸರಸ್ವತೀಪುರದ ಗೃಹಸ್ಥರೊಬ್ಬರು ಉದ್ಯೋಗದಿಂದ ನಿವೃತ್ತರಾದ ಮೇಲೆ ಹನ್ನೆರಡು ವರ್ಷಕಾಲ ಬೆಳಗಿನ ಹೊತ್ತು ಅಲ್ಲಿಗೆ ಹೋಗಿ ಆಡುತ್ತಿದ್ದರು. ಅವರ ಕೈಯಲ್ಲಿದ್ದ ದಾಂಡುಗಳು ಅವರ ತಂದೆಯವು. ತಂದೆಯವರು ಆರಡಿ ಮೀರಿದ ಆಳು. ಮಗನಾದರೋ ತಾಯಿಯ ಕಡೆಯ ಮೈಕಟ್ಟಿನವರು. ಅವರು ಹೊಡೆದ ಚೆಂಡು ತಪ್ಪದೆ ಎಡಗಡೆಯ ಪೊದೆಯನ್ನು ಸೇರುತ್ತಿದ್ದಿತು. ಆಟ ಮುಗಿಯುವ ಹೊತ್ತಿಗೆ ಸೊಂಟ ನೋಯುತ್ತಿದ್ದಿತು.

ಇದಕ್ಕೆ ಅವರು ದೂಷಿಸಿದುದು ತಮ್ಮನ್ನೇ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ತಂದೆಯವರು ಅವರಿಗೆ ಚಿಕ್ಕಂದಿನಲ್ಲಿಯೇ ಬಾಯಿಪಾಠ ಮಾಡಿಸಿದ್ದರು. ಉಪಕರಣವನ್ನು ದೂರುವುದು ಹೇಡಿಯ ಲಕ್ಷಣವೆಂದು ತಿಳಿದ ಅವರು ಎಡಕ್ಕೆ ಹೋಗುವ ಚೆಂಡನ್ನು ತಡೆಯಲು ಮಣಿಕಟ್ಟನ್ನು ಬಿಗಿಹಿಡಿದರು, ಮೊಣಕೈಯನ್ನು ಎತ್ತಿದರು, ಚೆಂಡಿನಿಂದ ದೂರ ಸರಿದು ನಿಂತರು. ಒಂದು ತಪ್ಪನ್ನು ಮುಚ್ಚಲು ಮೂರು ತಪ್ಪುಗಳು ಕೂಡಿಕೊಂಡುವು.

ಗುಟ್ಟನ್ನು ಬಯಲು ಮಾಡಿದವನು ಚೀಲ ಹೊರುವ ವೃದ್ಧ ಕ್ಯಾಡಿ. ಒಂದು ಬೆಳಿಗ್ಗೆ ಅವನು ದಾಂಡನ್ನು ತಲೆಕೆಳಗು ಮಾಡಿ ತೋರಿಸಿ, "ನೋಡಿ ಸಾರ್, ಹೊಸ ಗೀರೆಲ್ಲಾ ಹಿಮ್ಮಡಿ ಕಡೆಗೇ ಇದೆ. ತುದಿ ನೆಲ ಮುಟ್ಟೋದೇ ಇಲ್ಲ. ಇದು ನಿಮ್ಮ ಅಳತೆಯದಲ್ಲ," ಎಂದನು.

ಅವನ ಮಾತಿನಲ್ಲಿ ಶಾಸ್ತ್ರವಿದ್ದಿತು. ಚೆಂಡಿಗೆ ತಾಗುವ ಕ್ಷಣದಲ್ಲಿ ದಾಂಡಿನ ಅಡಿ ನೆಲಕ್ಕೆ ಸಮನಾಗಿ ಕೂಡಬೇಕು. ಗಿಡ್ಡ ಆಳಿನ ಕೈಯಲ್ಲಿ ಉದ್ದನೆಯ, ನೆಟ್ಟಗಿನ ದಾಂಡು ತುದಿಯನ್ನು ಮೇಲೆತ್ತುವುದು. ಆಗ ಅದರ ಮುಖ ಎಡಕ್ಕೆ ನೋಡುವುದು. ಚೆಂಡೂ ಅತ್ತಲೇ ಹಾರುವುದು. ದಾಂಡು ತೀರ ಚಪ್ಪಟೆಯಾಗಿ ಮಲಗಿದ್ದರೆ ಫಲವು ಇದಕ್ಕೆ ವಿಪರೀತ. ಹಿಡಿಯ ದಪ್ಪ, ಶಾಫ್ಟಿನ ಬಿಗುವು ಇವುಗಳಿಗೂ ಇಂಥದೇ ನಿಯಮ: ನಿಧಾನವಾಗಿ ಬೀಸುವವನ ಕೈಗೆ ಬಿರುಸಾದ ಶಾಫ್ಟನ್ನು ಕೊಟ್ಟರೆ ಚೆಂಡು ಮೇಲೇಳದೆ ಬಲಕ್ಕೆ ಜಾರಬಹುದು.

ಹಿಂದೆ ಈ ತೊಡಕು ಇಷ್ಟಿರಲಿಲ್ಲ. ಹಿಕರಿ ಮರದ ದಾಂಡುಗಳ ಕಾಲದಲ್ಲಿ ಕುಶಲಕರ್ಮಿಯು ಒಂದೊಂದನ್ನೂ ಕೈಯಿಂದ ಮಾಡುತ್ತಿದ್ದನು. ಆಟಗಾರನು ಬೀಸಿ ನೋಡಿ ಒಗ್ಗಿದುದನ್ನು ಆರಿಸಿಕೊಳ್ಳುತ್ತಿದ್ದನು. ಸೇಂಟ್ ಆಂಡ್ರೂಸಿನ ಸಂಸ್ಥೆಯವರು 1929ರಲ್ಲಿ ಉಕ್ಕಿನ ಶಾಫ್ಟಿಗೆ ಒಪ್ಪಿಗೆಯಿತ್ತರು. ಬಳಿಕ ಕಾರ್ಖಾನೆಗಳು ಒಂದೇ ಅಚ್ಚಿನ ದಾಂಡುಗಳನ್ನು ಲೋಕಕ್ಕೆಲ್ಲ ಹಂಚಿದುವು. ದಾಂಡುಗಳೇನೋ ಒಂದೇ ಅಳತೆಗೆ ಬಂದುವು, ಮನುಷ್ಯರು ಬರಲಿಲ್ಲ.

ಸ್ಪೇನ್ ದೇಶದ ಸೆವೆ ಬ್ಯಾಲೆಸ್ಟರೋಸನು ಹುಡುಗನಾಗಿದ್ದಾಗ ಸಮುದ್ರದ ಮರಳಿನ ಮೇಲೆ ಒಂದೇ ಒಂದು ಹಳೆಯ ದಾಂಡಿನಿಂದ ಆಟ ಕಲಿತು, 1979, 1984 ಮತ್ತು 1988ರಲ್ಲಿ ಬ್ರಿಟಿಷ್ ಓಪನ್ ಪಂದ್ಯವನ್ನು ಗೆಲ್ಲಲಿಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಹುಡುಗನ ಮೈ ಬಳ್ಳಿಯಂತೆ ದಾಂಡನ್ನು ಸುತ್ತಿಕೊಂಡು ಬೆಳೆಯಬಲ್ಲುದು. ಎಪ್ಪತ್ತರ ಸೊಂಟಕ್ಕೆ ಆ ಸೌಲಭ್ಯವಿಲ್ಲ.

ಗೃಹಸ್ಥರಿಗೆ ಶಾಸ್ತ್ರ ತಿಳಿದರೂ ಕೈ ಬರಲಿಲ್ಲ. ಹೊಸದನ್ನು ಕೊಳ್ಳಲು ಮನಸ್ಸಿಲ್ಲ. ತಂದೆಯವರ ದಾಂಡನ್ನು ಗರಗಸಕ್ಕೆ ಕೊಡಲು ಧೈರ್ಯವಿಲ್ಲ. ಎರಡು ತಿಂಗಳು ಚೀಲ ಮೂಲೆಯಲ್ಲಿ ನಿಂತಿತು. ಕೊನೆಗೆ ಅವರ ಅಕ್ಕನವರು ಒಂದು ದಿನ, "ಅಪ್ಪನ ಕೋಟನ್ನು ನಿನ್ನ ಮದುವೆಗೆ ಚಿಕ್ಕದು ಮಾಡಿಸಲಿಲ್ಲವೇನೋ? ದರ್ಜಿಯ ಹತ್ತಿರ ನಿನ್ನನ್ನು ಕರೆದುಕೊಂಡು ಹೋದವರು ಯಾರು? ಅಪ್ಪನೇ ಅಲ್ಲವೇ?" ಎಂದು ಕೇಳಿದರು. ಅವರಿಗೆ ಉತ್ತರ ತೋಚಲಿಲ್ಲ.

ಬೆಂಗಳೂರಿನಲ್ಲಿ ಈ ಕೆಲಸ ಬಲ್ಲವರೊಬ್ಬರು ಮೊದಲು ಅವರನ್ನು ಬರಿಗೈಯಲ್ಲಿ ನೆಟ್ಟಗೆ ನಿಲ್ಲಿಸಿ, ಮಣಿಕಟ್ಟಿನಿಂದ ನೆಲದವರೆಗಿನ ಅಳತೆಯನ್ನು ತೆಗೆದುಕೊಂಡರು. ಬಳಿಕ ದಾಂಡಿನ ಅಡಿಗೆ ಪಟ್ಟಿಯಂಟಿಸಿ, ಗಟ್ಟಿ ಹಲಗೆಯ ಮೇಲೆ ಚೆಂಡನ್ನಿಟ್ಟು ಹೊಡೆಯಿಸಿದರು. ಪಟ್ಟಿಯ ಮೇಲೆ ಗುರುತು ಬಿದ್ದುದು ಕ್ಯಾಡಿಯು ತೋರಿಸಿದ ಹಿಮ್ಮಡಿಯಲ್ಲಿಯೇ. ಮೇಲುಗಡೆಯಿಂದ ಒಂದಂಗುಲವನ್ನು ಕತ್ತರಿಸಿ, ಕತ್ತನ್ನು ಎರಡು ಡಿಗ್ರಿ ಬಗ್ಗಿಸಿ, ಹಗುರವೆನಿಸಿದ ತಲೆಗೆ ಸೀಸದ ತೆಳುಪಟ್ಟಿಯನ್ನಂಟಿಸಿ, ಹೊಸ ಹಿಡಿಯನ್ನು ಹಾಕಿ ಕೊಟ್ಟರು. ಕತ್ತರಿಸಿದ ಉಕ್ಕಿನ ತುಂಡುಗಳನ್ನು ಗೃಹಸ್ಥರು ಕೇಳಿ ಪಡೆದು, ಕಾಗದದಲ್ಲಿ ಸುತ್ತಿ ಮನೆಗೆ ತಂದರು.

ಮರುದಿನವೇ ಚೆಂಡು ನೆಟ್ಟಗೆ ಹೋಯಿತೆಂದರೆ ಅದು ಸುಳ್ಳು. ಹನ್ನೆರಡು ವರ್ಷ ಎಡಕ್ಕೆ ಹೋಗುವುದನ್ನು ತಡೆದ ಕೈ, ತಡೆಯಬೇಕಾದುದು ಇಲ್ಲವಾದ ಮೇಲೂ ತಡೆಯುತ್ತಲೇ ಇದ್ದಿತು. ಮೂರು ತಿಂಗಳು ಚೆಂಡು ಬಲಕ್ಕೆ ಓಡಿತು. ತಪ್ಪು ಉಪಕರಣವನ್ನು ಒಂದು ಗಳಿಗೆಯಲ್ಲಿ ತಿದ್ದಬಹುದು. ಅದು ಕಲಿಸಿದ ಅಭ್ಯಾಸವನ್ನು ಮರೆಯುವುದಕ್ಕೆ ಕಾಲ ಬೇಕು. ಕ್ಯಾಡಿಯು ಪ್ರತಿದಿನವೂ, "ಮೊಣಕೈ, ಸಾರ್," ಎನ್ನುತ್ತಿದ್ದನು.

ಈಗಲೂ ಅವರೇನೂ ದೊಡ್ಡ ಆಟಗಾರರಲ್ಲ. ಚೆಂಡು ಕೆಲವು ಸಲ ಎಡಪೊದೆಯನ್ನೂ ಕೆಲವು ಸಲ ಬಲಪೊದೆಯನ್ನೂ ಸೇರುತ್ತದೆ. ಆದರೆ ಸೊಂಟದ ನೋವಿಲ್ಲ. ತಪ್ಪಿದಾಗ ಆ ತಪ್ಪು ತಮ್ಮದೇ ಎಂಬುದರಲ್ಲಿ ಸಂದೇಹವೂ ಇಲ್ಲ. ತಂದೆಯವರ ಗಾದೆ ಸುಳ್ಳಾಗಲಿಲ್ಲ. ನೆಲವನ್ನು ದೂರುವುದು ತಪ್ಪೇ ಸರಿ. ಆದರೆ ಕುಣಿಯುವುದಕ್ಕೆ ಮುಂಚೆ ನೆಲ ಸಮವಾಗಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ತಪ್ಪಲ್ಲವೆಂದು ಅವರು ಈಗ ಮೊಮ್ಮಗನಿಗೆ ಹೇಳುತ್ತಾರೆ. ಮೊಮ್ಮಗನ ಕೈಗೆ ತಮ್ಮ ದಾಂಡನ್ನು ಮಾತ್ರ ಅವರು ಇನ್ನೂ ಕೊಟ್ಟಿಲ್ಲ.