ಮುಂದೆ ಯಾರೂ ನಿಲ್ಲದ ಕಾರಿನ ಚಿತ್ರ

ನಮ್ಮ ಮನೆಗಳ ಹಳೆಯ ಆಲ್ಬಮ್ಮುಗಳಲ್ಲಿ ಕಾರಿನ ಚಿತ್ರಗಳಿಗೇನೂ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಕಾರು ಕಾಣುವುದೇ ಅಪರೂಪ. ಬಾನೆಟ್ಟಿಗೆ ಒರಗಿದ ಮದುಮಗ, ಬಾಗಿಲಿನ ಮೇಲೆ ಕೈಯಿಟ್ಟು ನಿಂತ ಭಾವಮೈದುನ, ಮಡ್‌ಗಾರ್ಡಿನ ಮೇಲೆ ಕೂರಿಸಿದ ಕೂಸು, ಇವರೆಲ್ಲರ ಸಂದಿಯಲ್ಲಿ ಒಂದು ದೀಪವೋ ಅರ್ಧ ಚಕ್ರವೋ ಇಣುಕುತ್ತಿರುತ್ತದೆ. ಆಯುಧಪೂಜೆಯ ದಿನದ ಚಿತ್ರದಲ್ಲಂತೂ ಚೆಂಡುಹೂವಿನ ಹೊರತು ಬೇರೇನೂ ಕಾಣದು. ಮನುಷ್ಯನ ಮುಖಚಿತ್ರಕ್ಕೆ ತೋರುವ ಶ್ರದ್ಧೆಯನ್ನು ವಾಹನಕ್ಕೂ ತೋರಿ ಅದರ ಚಿತ್ರ ತೆಗೆಯುವುದು ಒಂದು ಪ್ರತ್ಯೇಕ ವಿದ್ಯೆಯೆಂಬುದು ನನಗೆ ಮನವರಿಕೆಯಾದದ್ದು ಐವತ್ತು ದಾಟಿದ ಮೇಲೆ.

ಅದಕ್ಕೆ ಕಾರಣ ನಮ್ಮ ಮಾವನವರ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನು ಅನುಸರಿಸಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ 1958ರಿಂದ 2014ರವರೆಗೆ ತಯಾರಿಸಿದ ಆ ಗುಂಡುಮೈಯ ವಾಹನವನ್ನು ನನ್ನ ವಯಸ್ಸಿನವರು ಯಾರು ತಾನೆ ಏರಿಲ್ಲ? ನಮ್ಮದು 1986ರಲ್ಲಿ ಕೊಂಡ ಮಾರ್ಕ್ 4, ಬಣ್ಣ ಕಡುಗಪ್ಪು, ಗೇರು ಸ್ಟೀರಿಂಗಿನ ಬದಿಯಲ್ಲಿ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳುತ್ತ ಮಾವನವರು ಅದನ್ನು ದಾವಣಗೆರೆಯ ಬೀದಿಗಳಲ್ಲಿ ತಾವೇ ಓಡಿಸುತ್ತಿದ್ದರು. ಎಂಬತ್ಮೂರರ ವಯಸ್ಸಿನಲ್ಲಿ ದೃಷ್ಟಿ ಮಂದವಾಗತೊಡಗಿದಾಗ, ಹಳೆಯ ಕಾರುಗಳಲ್ಲಿ ಆಸಕ್ತಿಯುಳ್ಳ ಹರಿಹರದ ಪರಿಚಯಸ್ಥರೊಬ್ಬರಿಗೆ ಕೊಟ್ಟುಬಿಡುವುದೆಂದು ಅವರೇ ನಿಶ್ಚಯಿಸಿದರು. ಒಯ್ಯಲು ಹದಿನೈದು ದಿನಗಳ ಅವಧಿಯಿತ್ತು.

“ಹೋಗೋದಕ್ಕೆ ಮುಂಚೆ ಇದರದ್ದೊಂದು ಚೆಂದದ ಫೋಟೋ ತೆಗೀ ತಾಯಿ,” ಎಂದರು. “ಮುಂದೆ ಮಾತ್ರ ಯಾರೂ ನಿಂತಿರಬಾರದು.”

ನನ್ನ ಬಳಿ ಇದ್ದುದು ಮಗ ಬಿಟ್ಟುಹೋಗಿದ್ದ ಒಂದು ಡಿಜಿಟಲ್ ಕ್ಯಾಮೆರಾ ಮತ್ತು ಅದರೊಡನೆ ಬಂದಿದ್ದ ಸಾಮಾನ್ಯ ಲೆನ್ಸ್. ಆರಂಭಿಸುವವರಿಗೆ ಅಷ್ಟು ಧಾರಾಳವಾಗಿ ಸಾಕು. ಸಾಲದೆ ಬರುವುದು ಸಲಕರಣೆಯಲ್ಲ, ಸ್ಥಳ. ಕಾರಿನ ಮೈಯೆಂದರೆ ಬಾಗಿದ ಕನ್ನಡಿ. ಅದರಲ್ಲಿಯೂ ಕಪ್ಪು ಕಾರು ತನ್ನ ಬಣ್ಣವನ್ನು ಬಚ್ಚಿಟ್ಟುಕೊಂಡು ಎದುರಿನವರ ಬಣ್ಣವನ್ನೇ ತೋರಿಸುತ್ತದೆ. ಮನೆಯ ಮುಂದೆ ನಿಲ್ಲಿಸಿದರೆ ಬಾಗಿಲಿನ ಮೇಲೆ ವಿದ್ಯುತ್ ಕಂಬ, ಎದುರುಮನೆಯ ಗ್ರಿಲ್, ಒಣಹಾಕಿದ ಬಟ್ಟೆ, ಎಲ್ಲವೂ ಮೂಡುತ್ತವೆ. ಪತನಕೋನವೂ ಪ್ರತಿಫಲನಕೋನವೂ ಸಮವೆಂದು ಇಪ್ಪತ್ತೇಳು ವರ್ಷ ಹೈಸ್ಕೂಲಿನ ಕಪ್ಪುಹಲಗೆಯ ಮೇಲೆ ಬರೆದವಳು ನಾನು. ಆ ಪಾಠವನ್ನು ಇಷ್ಟು ಉಪಯುಕ್ತವಾಗಿ ಯಾವ ಪ್ರಯೋಗಶಾಲೆಯೂ ತೋರಿಸಿರಲಿಲ್ಲ. ಚಿತ್ರ ತೆಗೆಯುವವರು ಮೊದಲು ಕಾರನ್ನಲ್ಲ, ಕಾರಿನೊಳಗೆ ಬಿದ್ದಿರುವ ಲೋಕವನ್ನು ನೋಡಬೇಕು. ಅಲ್ಲಿ ಬೇಡವಾದದ್ದು ಕಂಡರೆ ಕಾರನ್ನೋ ತಮ್ಮನ್ನೋ ಸ್ವಲ್ಪ ಸರಿಸಿಕೊಳ್ಳಬೇಕು. ಉಡುಪಿನ ವಿಷಯವೂ ಅಷ್ಟೆ. ಹಳದಿ ಸೀರೆಯುಟ್ಟು ಕಪ್ಪು ಕಾರಿನೆದುರು ಕುಳಿತರೆ ಬಾಗಿಲಿನಲ್ಲಿ ದೀಪ ಹಚ್ಚಿಟ್ಟಂತೆ ಕಾಣುತ್ತದೆ. ಗಾಢವರ್ಣದ ಬಟ್ಟೆಯೇ ಲೇಸು.

ಪರಿಚಿತರೊಬ್ಬರ ಅಕ್ಕಿ ಗಿರಣಿಯ ಹಿಂದೆ ಭತ್ತ ಒಣಹಾಕುವ ವಿಶಾಲವಾದ ಸಿಮೆಂಟಿನ ಕಣವಿದೆ. ಮೂರು ಕಡೆ ಗೋಡೆ, ಮೇಲೆ ಬರೀ ಆಕಾಶ. ಸುಗ್ಗಿ ಮುಗಿದಿದ್ದುದರಿಂದ ಅದು ಖಾಲಿಯಾಗಿತ್ತು. ಸೂರ್ಯ ಮುಳುಗಿದ ಅನಂತರದ ಇಪ್ಪತ್ತು ನಿಮಿಷ ಅಲ್ಲಿ ನಿಂತರೆ ಕಾರಿನ ಛಾವಣಿಯ ಮೇಲೂ ಬಾನೆಟ್ಟಿನ ಮೇಲೂ ಮುಗಿಲಿನ ಬೆಳಕು ಹಾಲು ಹೊಯ್ದಂತೆ ಸಮನಾಗಿ ಹರಡುತ್ತದೆ. ಗೋಡೆ ಮುಗಿದು ಆಕಾಶ ಮೊದಲಾಗುವ ಅಂಚು ಬಾಗಿಲುಗಳ ಉದ್ದಕ್ಕೆ ಒಂದೇ ಗೆರೆಯಾಗಿ ಓಡುತ್ತದೆ. ಆ ಗೆರೆಯೇ ಕಾರಿನ ಆಕಾರವನ್ನು ಬಿಡಿಸಿ ತೋರಿಸುವುದು. ಬೆಳಕು ಕಡಿಮೆಯಾದ್ದರಿಂದ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಡುವುದು ಅಗತ್ಯ. ಕ್ಯಾಮೆರಾದ ಅಳತೆಯನ್ನು ಕಣ್ಣುಮುಚ್ಚಿ ನಂಬಬಾರದು. ಕಪ್ಪನ್ನೂ ಬಿಳಿಯನ್ನೂ ಬೂದುಬಣ್ಣಕ್ಕೆ ತರುವುದು ಅದರ ಜಾಯಮಾನ. ಕಪ್ಪು ಕಾರಿಗೆ ಅದು ಹೇಳಿದ್ದಕ್ಕಿಂತ ತುಸು ಕಡಿಮೆ, ಬಿಳಿಯ ಕಾರಿಗೆ ತುಸು ಹೆಚ್ಚು ಬೆಳಕು ಕೊಡಬೇಕು.

ಸಮೀಪ ನಿಂತು ಅಗಲ ಲೆನ್ಸಿನಿಂದ ತೆಗೆದರೆ ಮೂತಿ ಉಬ್ಬಿ ಹಿಂಭಾಗ ಸೊರಗುತ್ತದೆ. ಹತ್ತು ಹನ್ನೆರಡು ಹೆಜ್ಜೆ ಹಿಂದೆ ಸರಿದು ಲೆನ್ಸನ್ನು 50 ಮಿಲಿಮೀಟರಿಗೆ, ಎಂದರೆ ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಸುಮಾರು 75ಕ್ಕೆ, ತಂದುಕೊಂಡರೆ ಅಂಬಾಸಿಡರ್ ಅಂಬಾಸಿಡರಿನಂತೆಯೇ ಕಾಣುತ್ತದೆ. ಕ್ಯಾಮೆರಾ ಇರಬೇಕಾದದ್ದು ಮುಂದೀಪದ ಎತ್ತರದಲ್ಲಿ. ಮಂಡಿಯೂರದೆ ಉಪಾಯವಿಲ್ಲ! ಓರೆಯಿಂದ ತೆಗೆಯುವಾಗ ಸ್ಟೀರಿಂಗನ್ನು ನಮ್ಮಿಂದ ಆಚೆಗೆ ತಿರುಗಿಸಿಟ್ಟರೆ ಟೈರಿನ ಹಲ್ಲುಗಳ ಬದಲು ಚಕ್ರದ ಮುಖ ನಮ್ಮತ್ತ ತಿರುಗುತ್ತದೆ.

ಗಾಜಿನ ಮೇಲಿನ ಹೊಳಪನ್ನು ತೆಗೆಯಲು ಪೋಲರೈಸಿಂಗ್ ಫಿಲ್ಟರ್ ಎಂಬ ತಿರುಗಿಸುವ ಗಾಜೊಂದು ದೊರೆಯುತ್ತದೆ. ಅದನ್ನು ಮೆಲ್ಲನೆ ತಿರುಗಿಸುತ್ತಿದ್ದರೆ ಮುಂಗಾಜಿನ ಬಿಳುಪು ಕರಗಿ ಒಳಗಿನ ಆಸನ ಕಾಣಿಸಿಕೊಳ್ಳುವ ಬಗೆ ನಿಜಕ್ಕೂ ಸೋಜಿಗದ್ದು. ಗಾಜಿಗೆ, ಬಣ್ಣದ ಮೇಲಿನ ಹೊಳಪಿಗೆ ಅದು ಸಲ್ಲುತ್ತದೆ; ಬಂಪರಿನ ಕ್ರೋಮಿಗೆ ಸಲ್ಲದು. ಲೋಹದಿಂದ ಚಿಮ್ಮಿದ ಬೆಳಕು ಆ ಗಾಜಿನ ಮಾತು ಕೇಳುವುದಿಲ್ಲ.

ಒಂದು ವಿಷಯದಲ್ಲಿ ಮಾವನವರಿಗೂ ನನಗೂ ಭಿನ್ನಾಭಿಪ್ರಾಯವಾಯಿತು. ಎಡಗಡೆ ಹಿಂದಿನ ಮಡ್‌ಗಾರ್ಡಿನಲ್ಲೊಂದು ನುಗ್ಗಿದ ಗುರುತಿದೆ. 1998ರ ಒಂದು ಮಳೆಯ ರಾತ್ರಿ ನನ್ನನ್ನು ಹೆರಿಗೆಗೆ ಕರೆದೊಯ್ದಾಗ ಆಸ್ಪತ್ರೆಯ ಗೇಟಿಗೆ ತಗುಲಿದ್ದು. ಅನಂತರ ಎರಡು ಬಾರಿ ಇಡೀ ಕಾರಿಗೆ ಬಣ್ಣ ಹೊಡೆಸಿದರೂ ಅವರು ಅದನ್ನು ಬಡಿಸಿ ಸರಿಪಡಿಸಿರಲಿಲ್ಲ. ಆದರೂ ಚಿತ್ರದ ಮಾತು ಬಂದಾಗ “ಆ ಕಡೆಯಿಂದ ಮಾತ್ರ ಬೇಡವ್ವಾ” ಎಂದರು. ಮುಗಿಲಿನ ಸಮಬೆಳಕಿನಲ್ಲಿ ಆ ತಗ್ಗು ಕಾಣುವುದೂ ಇಲ್ಲ. ಅವರ ಇಚ್ಛೆಯಂತೆ ಬಲಗಡೆಯಿಂದಲೇ ಎಲ್ಲವನ್ನೂ ತೆಗೆದೆ. ಮಾರನೆಯ ಬೆಳಿಗ್ಗೆ ಆರೂವರೆಗೆ, ಎಳೆಬಿಸಿಲು ಮೈಯನ್ನು ಸವರಿಕೊಂಡು ಓರೆಯಾಗಿ ಬೀಳುವ ಹೊತ್ತಿನಲ್ಲಿ, ಆ ಮಡ್‌ಗಾರ್ಡಿನದೇ ಒಂದು ಚಿತ್ರವನ್ನು ಬೇರೆಯಾಗಿ ತೆಗೆದೆ. ತಗ್ಗಿನ ಒಂದು ಅಂಚಿನಲ್ಲಿ ನೆರಳು, ಮತ್ತೊಂದರಲ್ಲಿ ಬೆಳಕಿನ ಕುಡಿ. ಅದನ್ನು ಅವರು ಬಹಳ ಹೊತ್ತು ನೋಡಿ, ಏನೂ ಹೇಳದೆ ತಮ್ಮ ಕೋಣೆಗೆ ಒಯ್ದರು.

ಉಳಿದದ್ದು ಓಡುವ ಕಾರಿನ ಚಿತ್ರ. ಇದರ ಮಾತು ಬಂದಾಗ ಫ್ರಾನ್ಸಿನ ಝಾಕ್ ಆಂರಿ ಲಾರ್ತೀಗನನ್ನು ನೆನೆಯಲೇಬೇಕು. 1894ರಲ್ಲಿ ಜನಿಸಿದ ಈತ ಇನ್ನೂ ಹರೆಯದಲ್ಲಿದ್ದಾಗ ತೆಗೆದ, ಬಹುಕಾಲ 1912ರದೆಂದು ನಮೂದಾಗಿದ್ದ, ಪಂದ್ಯದ ಕಾರಿನ ಚಿತ್ರ ಜಗತ್ಪ್ರಸಿದ್ಧ. ಕ್ಯಾಮೆರಾದ ಪರದೆಯ ಸೀಳು ಗಾಜಿನ ಫಲಕದ ಒಂದಂಚಿನಿಂದ ಮತ್ತೊಂದಂಚಿಗೆ ಸರಿಯುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು, ಕ್ಯಾಮೆರಾವೂ ಅದರ ಹಿಂದೆ ತಿರುಗುತ್ತಿತ್ತು. ಆದ್ದರಿಂದ ಚಕ್ರ ಮೊಟ್ಟೆಯಂತಾಗಿ ಮುಂದಕ್ಕೆ ವಾಲಿದೆ, ನಿಂತ ಪ್ರೇಕ್ಷಕರು ಹಿಂದಕ್ಕೆ ವಾಲಿದ್ದಾರೆ. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಆತನ ಚಿತ್ರಗಳ ಪ್ರದರ್ಶನ ಏರ್ಪಡಿಸುವವರೆಗೆ ಹೊರಲೋಕಕ್ಕೆ ಆತನ ಪರಿಚಯವಿದ್ದುದು ಅತ್ಯಲ್ಪ.

ಹೆದ್ದಾರಿಯ ಬದಿಯಲ್ಲಿ ನಿಂತು ಇಂಥದ್ದನ್ನು ಕಲಿಯಹೊರಡುವುದು ಅವಿವೇಕ. ನಮಗೆ ಗಿರಣಿಯ ಕಣವಿತ್ತು. ಗೇಟು ಹಾಕಿಸಿ, ಆಳುಗಳನ್ನು ಒಳಗೆ ಕಳುಹಿಸಿ, ನಮ್ಮ ಯಜಮಾನರು ಪಕ್ಕದ ಆಸನದಲ್ಲಿ ಕುಳಿತ ಮೇಲೆ ಮಾವನವರು ಸ್ಟೀರಿಂಗ್ ಹಿಡಿದರು. ಹಗಲಿನ ಬೆಳಕು, ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರ್. ಶಟರನ್ನು ಸೆಕೆಂಡಿನ ಮೂವತ್ತನೆಯ ಒಂದು ಭಾಗಕ್ಕೆ ಇಟ್ಟೆ. ಅಷ್ಟರಲ್ಲಿ ಕಾರು ಸರಿಯುವುದು ಸುಮಾರು 18 ಸೆಂಟಿಮೀಟರ್. ಪಾದಗಳನ್ನು ಊರಿ, ಸೊಂಟದಿಂದ ಮೇಲಿನ ದೇಹವನ್ನು ಕಾರಿನ ಜೊತೆಜೊತೆಗೇ ತಿರುಗಿಸುತ್ತ ಗುಂಡಿಯನ್ನು ಒತ್ತಬೇಕು. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಆಗ ಕಾರು ಸ್ಫುಟವಾಗಿ ಉಳಿದು ಹಿಂದಿನ ಗೋಡೆ ಗೆರೆಗಳಾಗಿ ಹರಿಯುತ್ತದೆ. ಹನ್ನೊಂದು ಸುತ್ತು ಹಾಕಿದರು. ನಲವತ್ತು ಚಿತ್ರಗಳಲ್ಲಿ ಮೂರು ಉಳಿದವು. ಈ ಬಗೆಯ ಚಿತ್ರಕ್ಕೆ ಅದೇನೂ ಕಡಿಮೆಯಲ್ಲ.

ಅವುಗಳಲ್ಲೊಂದನ್ನು ಅಚ್ಚು ಹಾಕಿಸಿ ಕೈಗಿತ್ತಾಗ ಮಾವನವರು ಕನ್ನಡಕ ಸರಿಪಡಿಸಿಕೊಂಡು, “ಇಷ್ಟು ಜೋರು ಹೊಡೆದೆನೇನವ್ವಾ?” ಎಂದು ಕೇಳಿದರು. ಹರಿಹರದವರು ಕಾರನ್ನು ಒಯ್ಯಲು ಬಂದ ದಿನ ಅದೇ ಚಿತ್ರವನ್ನು ಅವರೆದುರು ಹಿಡಿದು, ಅರವತ್ತರಲ್ಲಿತ್ತು ಎಂದರು. ನಾನು ಶಟರಿನ ಮಾತೆತ್ತಲಿಲ್ಲ.