ಗುಡಗೇರಿಯ ಪಾನಕ

ಹುಬ್ಬಳ್ಳಿಯಿಂದ ಬೆಂಗಳೂರ ಕಡೆಗೆ ಸಾಗುವ ರೇಲ್ವೆಯ ದಾರಿಯಲ್ಲಿ ಕುಂದಗೋಳ, ಸಂಶಿಗಳನ್ನು ದಾಟಿದ ಮೇಲೆ ಗುಡಗೇರಿಯ ಸ್ಟೇಶನ್ನು ಬರುವದು. ಸುತ್ತಲೂ ಎರೆಭೂಮಿ, ಹತ್ತಿ, ಜೋಳ, ಶೇಂಗಾ, ಮೆಣಸಿನಕಾಯಿಗಳ ಸೀಮೆ. ಸುಗ್ಗಿಯು ತೀರಿ ಚೈತ್ರವು ಕಾಲಿಟ್ಟಿತೆಂದರೆ ಆ ಕರಿಯ ನೆಲವು ಅಂಗೈ ಹೋಗುವಷ್ಟು ಬಿರಿದು ಬಾಯ್ದೆರೆದುಕೊಂಡಿರುವದು. ಊರಿನ ಹಳೆಯ ಹೆಸರಿನಲ್ಲಿಯೇ ನೀರು ಅಡಗಿರುವದನ್ನು ವಾಚಕರು ಲಕ್ಷಿಸಬೇಕು. ಕ್ರಿ. ಶ. 1076ರ ಜೈನ ಶಾಸನವೊಂದು ಇದನ್ನು ಗುಡಿಗೆರೆಯೆಂದು ಕರೆದಿದೆ. ಪುರಿಗೆರೆಯಲ್ಲಿ, ಎಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಚಾಲುಕ್ಯ ವಿಜಯಾದಿತ್ಯನ ತಂಗಿಯಾದ ಕುಂಕುಮಮಹಾದೇವಿಯು ಕಟ್ಟಿಸಿದ ಆನೆಸೆಜ್ಜೆಯ ಬಸದಿಗೆ ಸೇರಿದ ಹೊಲಗಳು ಇಲ್ಲಿದ್ದುವಂತೆ. ಇಂಥ ಊರಿನಲ್ಲಿ ನೀರನ್ನು ಅರಿವೆಯಿಂದ ಸೋಸದೆ ಕುಡಿಯುವದಿಲ್ಲವೆಂಬ ಜೈನರ ನೇಮವು ನೆರೆಹೊರೆಯ ಮನೆಗಳಿಗೂ ಹಬ್ಬಿದ್ದರೆ ಆಶ್ಚರ್ಯವಲ್ಲ.

ಯುಗಾದಿಯ ಮರುವಾರ ನಾವು ಇಲ್ಲಿಯ ಒಂದು ಒಕ್ಕಲುತನದ ಮನೆಯಲ್ಲಿ ಎರಡು ದಿವಸ ಅತಿಥಿಗಳಾಗಿದ್ದೆವು. ಪುಣೆಯಲ್ಲಿ ಚಾಕರಿಯಲ್ಲಿರುವ ಮನೆಯ ಅಳಿಯಂದಿರೂ ಬಂದಿದ್ದರು. ಅವರು ಒಳ್ಳೆಯ ಮನುಷ್ಯರು, ಮಾತುಗಾರರು. ತಮ್ಮ ಪೆಟ್ಟಿಗೆಯಲ್ಲಿ ವಿದೇಶದ ವ್ಹಿಸ್ಕಿಯ ಬಾಟಲಿಯೊಂದಿರುವದೆಂದೂ, ಸಂಜೆಗೆ ‘ವ್ಹಿಸ್ಕಿ ಸೌರ್’ ಎಂಬ ಪಾನೀಯವನ್ನು ತಾವೇ ಮಾಡಿ ಕೊಡುವೆವೆಂದೂ ಪಡಸಾಲೆಯಲ್ಲಿ ಹೇಳಿದರು. ವ್ಹಿಸ್ಕಿ ಎರಡು ಪಾಲು, ಲಿಂಬೆಯ ರಸ ಒಂದು ಪಾಲು, ಸಕ್ಕರೆಯ ಪಾಕ ಒಂದು ಪಾಲಿಗೆ ಚೂರು ಕಡಿಮೆ, ಬೇಕಾದರೆ ನೊರೆಗಾಗಿ ತತ್ತಿಯ ಬಿಳಿಲೋಳೆ. ಇಷ್ಟನ್ನು ಬರ್ಫದೊಡನೆ ಮುಚ್ಚಿದ ಪಾತ್ರೆಯಲ್ಲಿ ಅಲುಗಾಡಿಸಿ ಸೋಸುವದು. ವಿವರಣೆಯು ಮುಗಿಯುವವರೆಗೂ ಯಜಮಾನರು ಸಮಾಧಾನದಿಂದ ಕೇಳಿದರು. ಬಳಿಕ, “ಲಿಂಬೆ ನಮ್ಮಲ್ಲಿವೆ, ಬೆಲ್ಲವೂ ಇದೆ. ಮೂರನೆಯದು ಈ ಹೊಸ್ತಿಲೊಳಗೆ ಬೇಡ” ಎಂದರು.

ಆ ಮಾತಿನ ಹಿಂದೆ ಒಂದು ಕಥೆಯುಂಟು. ಯಜಮಾನರ ಅಣ್ಣನು ಸಾರಾಯಿಗೆ ಬಿದ್ದು, ಕೆರೆಯ ಕೆಳಗಿನ ಹೊಲವನ್ನು ತುಂಡುತುಂಡಾಗಿ ಕಳೆದು, ಎಳೆಯ ಮಕ್ಕಳನ್ನು ತಮ್ಮನ ಮಡಿಲಿಗೆ ಹಾಕಿ ಹೋದನು. ಧಾರವಾಡ ಜಿಲ್ಲೆಯು 1956ರ ವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ 1949ರ ಅಲ್ಲಿಯ ಪಾನನಿರೋಧದ ಕಾಯದೆಯು ಇಲ್ಲಿಗೂ ಅನ್ವಯಿಸುತ್ತಿತ್ತು. ಕರ್ನಾಟಕದಲ್ಲಿ ಸಾರಾಯಿಯ ಮಾರಾಟವು 2007ರ ಜುಲೈ 1ರಿಂದ ನಿಂತಿತು. ಈ ಎರಡು ಕಾಯದೆಗಳ ನಡುವಿನ ಕಾಲದಲ್ಲಿ ಇಂಥ ಹೊಲಗಳು ಎಷ್ಟು ಹೋದುವೋ! ಅಳಿಯಂದಿರ ಮುಖವು ಸಣ್ಣದಾಯಿತು. ಅದನ್ನು ಕಂಡು ಯಜಮಾನರು ತಾವೇ ಎದ್ದು, “ಹುಳಿಸಿಹಿಯ ರುಚಿ ತಾನೆ ನಿಮಗೆ ಬೇಕು, ಬನ್ನಿರಿ” ಎಂದು ಅವರ ಕೈಹಿಡಿದು ಅಡಿಗೆಮನೆಗೆ ಕರೆದುಕೊಂಡು ಹೋದರು. ನಾವೂ ಹಿಂಬಾಲಿಸಿದೆವು.

ಅವರ ಕ್ರಮವು ಹೀಗೆ. ನಾಲ್ವರಿಗೆಂದು ಒಂದು ಲೀಟರ ನೀರು, 150 ಗ್ರಾಂ ಬೆಲ್ಲ. ಬೆಲ್ಲವನ್ನು ಜಜ್ಜಿ ಅರ್ಧ ನೀರಿನಲ್ಲಿ ನೆನೆಯಿಟ್ಟು, ಪೂರಾ ಕರಗಿದ ಮೇಲೆ ತೆಳುವಾದ ಅರಿವೆಯಲ್ಲಿ ಸೋಸಬೇಕು. ಎಷ್ಟು ಚಲೋ ಬೆಲ್ಲವಾದರೂ ಕಸವಿಲ್ಲದ್ದು ಅಪರೂಪ. ಅರ್ಧ ಚಮಚ ಒಣಶುಂಠಿಯ ಪುಡಿ, ನಾಲ್ಕು ಏಲಕ್ಕಿ, ಐದಾರು ಮೆಣಸಿನ ಕಾಳು, ಚಿಟಿಕೆ ಉಪ್ಪು. ಎರಡು ಲಿಂಬೆಯ ರಸವು ಎಲ್ಲಕ್ಕೂ ಕಡೆಗೆ. ಹಣ್ಣನ್ನು ಕಸುವು ಹಾಕಿ ಹಿಂಡಬಾರದು. ಬೀಜವೂ ಸಿಪ್ಪೆಯೂ ನಲುಗಿದರೆ ಕಹಿ ಇಳಿಯುವದು. ಕಲಾಯಿ ಹೋದ ಹಿತ್ತಾಳೆ ತಾಮ್ರಗಳಿಗೆ ಹುಳಿಯು ಸೋಕಲೇಬಾರದೆಂಬುದನ್ನು ಗೃಹಿಣಿಯರಿಗೆ ನಾವು ಹೇಳಬೇಕಾದುದಿಲ್ಲ. ಬಳಿಕ ಎರಡು ತಂಬಿಗೆಗಳಲ್ಲಿ ಎತ್ತರದಿಂದ ಹತ್ತು ಸಲ ಎತ್ತಿ ಸುರಿದರು. ನೊರೆಯು ತತ್ತಿಯ ಹಂಗಿಲ್ಲದೆ ಎದ್ದಿತು. ಬರ್ಫದ ಕೆಲಸವನ್ನು ಮಣ್ಣಿನ ಮಡಿಕೆಯು ಮಾಡಿತು. ಅದರ ಮೈಯಿಂದ ಜಿನುಗಿದ ನೀರು ಆರುವಾಗ ಒಳಗಿನ ಕಾವನ್ನು ಎಳೆದುಕೊಂಡು ಹೋಗುವದು. ಈ ಬಯಲುಸೀಮೆಯ ಒಣಗಾಳಿಯಲ್ಲಿ ಅದು ಚೆನ್ನಾಗಿ ಸಾಧಿಸುವದು. ಕರಾವಳಿಯ ಹಸಿಗಾಳಿಯಲ್ಲಿ ಅಷ್ಟಿಲ್ಲ.

ಮೋಜಿನ ಸಂಗತಿಯೇನೆಂದರೆ ಅಳಿಯಂದಿರ ಪಾನೀಯದ ಬೇರು ಕೂಡ ಈ ಕಡೆಯದೇ. ಹಿಂದುಸ್ಥಾನಕ್ಕೆ ಬಂದ ಆಂಗ್ಲ ವ್ಯಾಪಾರಿಗಳು ಇಲ್ಲಿಯ ಸಾರಾಯಿಗೆ ಲಿಂಬೆ, ಸಕ್ಕರೆ, ನೀರು, ಸಂಬಾರಗಳನ್ನು ಬೆರೆಸಿ ‘ಪಂಚ್’ ಎಂದು ಕುಡಿಯುತ್ತಿದ್ದರು. ಐದು ಪದಾರ್ಥಗಳಿಂದಾಗಿ ನಮ್ಮ ‘ಪಂಚ’ ಶಬ್ದವೇ ಆ ಹೆಸರಾಯಿತೆಂದು ಬಹುಜನರ ಮತ. ಇಂಗ್ಲಿಷ್ ಬರಹದಲ್ಲಿ ಆ ಮಾತು 1632ರಲ್ಲಿಯೇ ಕಾಣಿಸುವದು. 1862ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದ ಜೆರಿ ಥಾಮಸನ ಮಿಶ್ರಪಾನಗಳ ಪುಸ್ತಕವೂ ಪಂಚುಗಳಿಂದಲೇ ಪ್ರಾರಂಭವಾಗುವದು. ಸೌರ್ ಎಂಬುದು ಅದರದೇ ಚಿಕ್ಕ ಕುಡಿ. ಐದರಲ್ಲಿ ಒಂದನ್ನು ತೆಗೆದುಬಿಟ್ಟರೆ ಉಳಿಯುವದು ನಮ್ಮ ರಾಮನವಮಿಯ ಪಾನಕವೇ! ತೆಗೆದ ಆ ಒಂದು ಬೇಸಿಗೆಯಲ್ಲಿ ಮೈಯ ನೀರನ್ನು ಹೊರಕ್ಕೆ ಹಾಕುವಂಥದು; ಉಳಿದವು ಬೆವರಿನಿಂದ ಹೋದ ನೀರನ್ನೂ ಉಪ್ಪನ್ನೂ ತಿರುಗಿ ಕೊಡುವಂಥವು.

ಕೊಡುವ ರೀತಿಯೂ ನೋಡುವಂತಿತ್ತು. ಮೊದಲು ಕಾಲಿಗೆ ನೀರು, ಬಳಿಕ ಅಂಗೈಯಲ್ಲಿ ಒಂದು ಬೆಲ್ಲದ ಚೂರು, ಆಮೇಲೆ ಲೋಟ. ಮೊದಲನೆಯದು ಹೊಲದಿಂದ ಆಗಲೇ ಬಂದ ಆಳಿಗೆ ಹೋಯಿತು. ಅಣ್ಣನ ಮಗನೇ ಅದನ್ನು ಒಯ್ದು ಕೊಟ್ಟನು. ಅಳಿಯಂದಿರು ಒಂದು ಲೋಟ ಕುಡಿದು, ಸುಮ್ಮನೆ ಎರಡನೆಯದನ್ನು ಮುಂದೆ ಚಾಚಿದರು. ಪೆಟ್ಟಿಗೆಯ ಬಾಟಲಿಯ ವಿಚಾರವನ್ನು ಮತ್ತೆ ಯಾರೂ ಎತ್ತಲಿಲ್ಲ.

ಹಿಂಡಿದ ಲಿಂಬೆಯ ಹೋಳುಗಳನ್ನು ಮನೆಯ ಹಿರಿಯಾಕೆಯು ಎಸೆಯಗೊಡಲಿಲ್ಲ. ಉಪ್ಪು ಸವರಿ ಭರಣಿಗೆ ತುಂಬಿ, ಬಾಯಿಗೆ ಅರಿವೆ ಕಟ್ಟಿ ಮಾಳಿಗೆಯ ಬಿಸಿಲಿಗೆ ಇಡಿಸಿದರು; ಖಾರವನ್ನು ಹದಿನೈದು ದಿವಸಗಳ ಮೇಲೆ ಹಾಕುವರಂತೆ.